ಮುಖ್ಯ ಅತಿಥಿಗಾಗಿ ಕಾದ ಮೀನುಗಳು

ಭಾನುವಾರ ಬೆಳಿಗ್ಗೆ ನಾನು ಪಂಪ್‌ಹೌಸ್ ತಲುಪುವ ಹೊತ್ತಿಗೆ ಕಾಕಾ ಬಾಗಿಲಲ್ಲೇ ನಿಂತಿದ್ದರು. ಉಳ್ಳಾಲದ ಬ್ಯಾರಿ. ಕಂಪನಿಯ ಪ್ರಕಾರ ನನ್ನ ಕೈಕೆಳಗಿನ ಪಂಪ್ ಆಪರೇಟರ್. ವಯಸ್ಸು, ಕತಾರಿನ ಅನುಭವ, ಚಹಾ ಮಾಡುವ ಕೈಗುಣ ಎಲ್ಲದರಲ್ಲೂ ನನಗಿಂತ ಮೇಲಿನವರು.

"ಭಟ್ರೇ, ನಿಮ್ಮ ಮಕ್ಕಳು ಅಂಗಾತ ಮಲಗಿದ್ದಾರೆ," ಎಂದರು. "ಎಬ್ಬಿಸ್ಲಿಕ್ಕೆ ಹೋಗ್ಬೇಡಿ. ಏಳುವುದಿಲ್ಲ."

ಮಕ್ಕಳೆಂದರೆ ಮೀನುಗಳು. ರಾಸ್ ಲಫಾನ್‌ನ ಗ್ಯಾಸ್ ಸ್ಥಾವರಗಳಲ್ಲಿ ದುಡಿಯುವವರಿಗಾಗಿ ಮರಳುಗಾಡಿನ ನಡುವೆ ಕಟ್ಟಿದ್ದ ನಮ್ಮ ವಸತಿ ಕಾಂಪೌಂಡಿನಲ್ಲಿ ಒಂದು ಕೃತಕ ಕೆರೆ ಇತ್ತು. ಕಾಗದಪತ್ರಗಳಲ್ಲಿ ಅದು 'ಲಗೂನ್'. ನಾವು ಊರಿನವರು ಕೆರೆ ಎನ್ನುತ್ತಿದ್ದೆವು. ಸಮುದ್ರದಿಂದ ಪೈಪಿನಲ್ಲಿ ಉಪ್ಪುನೀರು ತಂದು ತುಂಬಿಸಿ, ಅದರಲ್ಲಿ ಸೀ ಬಾಸ್ ಮರಿಗಳನ್ನು ಬಿಟ್ಟಿದ್ದರು. ನಮ್ಮ ಕರಾವಳಿಯವರು ಕುರುಡೆ ಎನ್ನುವ ಮೀನು. ನೀರಿನ ಗುಣ, ಪಂಪುಗಳ ಆರೋಗ್ಯ, ಮೀನುಗಳ ಯೋಗಕ್ಷೇಮ ಇವೆಲ್ಲ ವಾಟರ್ ಸೂಪರ್‌ವೈಸರ್ ಆದ ನನ್ನ ಪಾಲಿಗೆ ಬಂದಿದ್ದವು. ಹುಟ್ಟಿದಾರಭ್ಯ ಮೀನು ತಿನ್ನದವನಿಗೆ ಇದನ್ನು ವಹಿಸಿದ್ದೇಕೆ ಎಂದು ಒಮ್ಮೆ ಮ್ಯಾನೇಜರನ್ನು ಕೇಳಿದ್ದೆ. "ಅದಕ್ಕೇ," ಎಂದಿದ್ದರು. ಆಡಳಿತದಲ್ಲಿ ಅಷ್ಟು ಸ್ವಚ್ಛವಾದ ತರ್ಕವನ್ನು ನಾನು ಮತ್ತೆ ಕಂಡಿಲ್ಲ.

ಇದು ಈ ಶತಮಾನದ ಮೊದಲ ದಶಕದ ನಡುಭಾಗದ ಮಾತು. ಸ್ಥಾವರಗಳು ಒಂದರ ಹಿಂದೊಂದು ಏಳುತ್ತಿದ್ದವು, ಕಾಂಪೌಂಡಿಗೆ ಜನ ಬಂದು ತುಂಬುತ್ತಿದ್ದರು. ಕೆರೆಯಲ್ಲಿ ಗಾಳದ ಸ್ಪರ್ಧೆಯನ್ನು ಶುರು ಮಾಡಿದವರು ಒಬ್ಬ ಸ್ಕಾಟಿಷ್ ಆಪರೇಟರ್. ಅವರು ಹಾಕಿದ ನಿಯಮ ಧರ್ಮಸಮ್ಮತವಾಗಿತ್ತು: ಹಿಡಿದ ಮೀನನ್ನು ಕೊಲ್ಲುವಂತಿಲ್ಲ, ನೀರಿನ ತೊಟ್ಟಿಯಲ್ಲಿ ಜೀವಂತವಾಗಿ ತಂದು, ತೂಗಿ, ಮತ್ತೆ ಕೆರೆಗೇ ಬಿಡಬೇಕು. ಮೊದಲು ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು. ಆಮೇಲೆ ಟೆಕ್ಸಸ್‌ನವರು ತಮ್ಮದೇ ಕಪ್ ಇಟ್ಟರು. ಫಿಲಿಪಿನೋಗಳು ಸುಮ್ಮನಿರುತ್ತಾರೆಯೇ? ಮಲಯಾಳಿಗಳ ಸಂಘ ಒಂದು ಕಪ್ ಇಟ್ಟಿತು. ಸಂಘ ಒಡೆದಾಗ ಅದು ಎರಡಾಯಿತು. ತಮಿಳರು, ಗೋವಾದವರು, ಕೊನೆಗೆ ನಮ್ಮ ಕರಾವಳಿ ಬಳಗ. ಚಳಿಗಾಲ ಮುಗಿಯುವಷ್ಟರಲ್ಲಿ ಕೆರೆಗೆ ಬಿಡುವಿರುವ ಒಂದು ರಜಾದಿನವೂ, ಅಂದರೆ ಶುಕ್ರವಾರವೂ, ಉಳಿದಿರಲಿಲ್ಲ. ಅವೇ ಮೀನುಗಳನ್ನು ಎಲ್ಲ ಸಮುದಾಯಗಳೂ ಸರದಿಯ ಮೇಲೆ ಹಿಡಿದು, ಮರ್ಯಾದೆ ಮಾಡಿ, ಬೀಳ್ಕೊಡುತ್ತಿದ್ದವು. ಕೆಲವು ಕುರುಡೆಗಳ ತುಟಿಯ ತೂತುಗಳನ್ನು ನೋಡಿದರೆ ಯಾವುದೋ ಮದುವೆಗೆ ಮೂಗುತಿ ಅಳತೆ ಕೊಟ್ಟು ಬಂದವೇನೋ ಅನ್ನಿಸುತ್ತಿತ್ತು.

ಆ ಭಾನುವಾರ ಸತ್ತ ಮೀನುಗಳೆಲ್ಲ ಬಿದ್ದಿದ್ದು ಕೆರೆಯ ಆಗ್ನೇಯ ಮೂಲೆಯಲ್ಲಿ. ವಾಸ್ತು ಬಲ್ಲವರು ಅಗ್ನಿಮೂಲೆ ಎಂದು ತಲೆಯಾಡಿಸುತ್ತಿದ್ದರೇನೋ. ಬಿಳಿ ಹೊಟ್ಟೆಗಳು ಮೇಲಾಗಿ ಒತ್ತೊತ್ತಾಗಿ ತೇಲುತ್ತಿದ್ದವು. ಅಲ್ಲಿಗೆ ನಮ್ಮ ಫೆಸಿಲಿಟೀಸ್ ಮ್ಯಾನೇಜರ್ ಬಂದರು. ಜೋರ್ಡಾನಿನವರು, ಮಾತು ಕಡಿಮೆ, ಇಸ್ತ್ರಿ ಜಾಸ್ತಿ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಾತಾಡಿದರು.

"ಯಾ ಭಟ್, ಇದು ಎಷ್ಟನೇ ಸಲ? ವಿಲ್ಲಾದ ಹೆಂಗಸರು ವಾಸನೆ ಅಂತ ಫೋನ್ ಮಾಡ್ತಾರೆ. ಗಂಡಸರು ಕಾರಿಗೆ ಜಾಗ ಇಲ್ಲ ಅಂತ ಫೋನ್ ಮಾಡ್ತಾರೆ. ನನಗೆ ಎರಡೂ ಫೋನ್ ಒಂದೇ ಸಲ ನಿಲ್ಲಿಸೋದು ಗೊತ್ತು. ಮಣ್ಣು ತುಂಬಿಸಿದ್ರೆ ಖಲಾಸ್."

"ಸ್ವಲ್ಪ ಟೈಮ್ ಕೊಡಿ ಸರ್. ಕಾರಣ ಹುಡುಕ್ತೇನೆ."

"ಹುಡುಕು. ಆದರೆ ಮಾಫಿ ಲಗೂನ್ ಅಂದ್ರೆ ಮಾಫಿ ವಾಟರ್ ಸೂಪರ್‌ವೈಸರ್. ನಾನು ಹೇಳಲಿಲ್ಲ ಅಂತ ಬೇಡ."

ಮಾಫಿ ಎಂದರೆ ಅರಬ್ಬಿಯಲ್ಲಿ 'ಇಲ್ಲ'. ಗಲ್ಫಿನಲ್ಲಿ ಹುದ್ದೆ ಹೋಯಿತೆಂದರೆ ವೀಸಾ ಹೋಯಿತು, ವೀಸಾ ಹೋಯಿತೆಂದರೆ ಮನೆಮಂದಿ ಸಮೇತ ವಿಮಾನ. ಮಗಳು ಆ ವರ್ಷ ಹತ್ತನೇ ತರಗತಿ. ಹೀಗಾಗಿ ನನ್ನ ಸಂಸಾರವೂ ಆ ಕುರುಡೆ ಮೀನುಗಳೂ ಒಂದೇ ನೀರಿನಲ್ಲಿ ಇದ್ದಂತಾಯಿತು. ಹೆಂಡತಿಗೆ ಹೇಳಿದೆ. ಅವಳು, "ಮೀನಿಗೆ ಏನಾಗಿದೆಯಂತೆ?" ಎಂದು ಕೇಳಿದಳು. ಮೀನಿನ ಕ್ಷೇಮಸಮಾಚಾರವನ್ನು ಅವಳು ವಿಚಾರಿಸಿದ್ದು ಅದೇ ಮೊದಲು.

ಕ್ರಮಪ್ರಕಾರ ಶುರು ಮಾಡಿದೆ. ನೀರಿನಲ್ಲಿ ಕರಗಿದ ಆಮ್ಲಜನಕ, ಅಮೋನಿಯಾ, ಉಪ್ಪಿನಂಶ, ಪಿಎಚ್, ತಳದ ಕೆಸರಿನ ಗಂಧಕದ ವಾಸನೆ. ಎಲ್ಲವೂ ಸುಮಾರಾಗಿ ಮೀನು ಬದುಕಬಹುದಾದ ಮಟ್ಟದಲ್ಲೇ ಇದ್ದವು. ಮರಣೋತ್ತರ ಪರೀಕ್ಷೆಯೂ ಆಯಿತು. ಚೂರಿ ಕಾಕಾರ ಕೈಯಲ್ಲಿ, ವಿದ್ವತ್ತು ನನ್ನ ಕೈಯಲ್ಲಿ. ಕಿವಿರುಗಳು ಕಳೆಗುಂದಿದ್ದವು, ಪಕ್ಕೆಗಳಲ್ಲಿ ಕೆಂಪು ಕಲೆಗಳು, ಅಲ್ಲಲ್ಲಿ ಲೋಳೆಯೂ ಚಿಪ್ಪೂ ಎದ್ದುಹೋಗಿ ಬೆಳ್ಳಗೆ ಪಾಚಿ ಹಿಡಿದಂತಿತ್ತು. ವಿಷಕ್ಕೆ ಹೀಗಾಗುವುದಿಲ್ಲ ಎಂದು ಮನಸ್ಸಿನ ಒಂದು ಭಾಗ ಹೇಳುತ್ತಿತ್ತು. ಆದರೆ ಸತ್ತ ಮೀನು ಸಿಗುತ್ತಿದ್ದ ಆಗ್ನೇಯ ಮೂಲೆಗೇ ಈಜುಕೊಳದ ಫಿಲ್ಟರ್ ತೊಳೆದ ನೀರಿನ ಮೋರಿ ಬಂದು ಸೇರುತ್ತಿತ್ತು, ಅದರಲ್ಲಿ ಕ್ಲೋರಿನ್ ಇರುತ್ತಿತ್ತು. ಅಪರಾಧಿ ಕಣ್ಣೆದುರಿಗೇ ಇರುವಾಗ ಹುಡುಕುವವನು ನಿಲ್ಲಿಸುತ್ತಾನೆ. ನಾನೂ ನಿಲ್ಲಿಸಿದೆ.

ಅಗೆದು, ಹೊಸ ಪೈಪು ಹಾಕಿ, ಮೋರಿಯನ್ನು ಕೆರೆಯಿಂದ ದೂರ ತಿರುಗಿಸಿದೆವು. ಮರು ಶುಕ್ರವಾರ ತಮಿಳರ ಕಪ್. ಭಾನುವಾರ ಅದೇ ಮೂಲೆಯಲ್ಲಿ ಅದೇ ದೃಶ್ಯ.

"ಮೋರಿ ನಿರಪರಾಧಿ," ಎಂದರು ಕಾಕಾ. "ಪಾಪ, ಅದನ್ನು ಅಷ್ಟು ದೂರ ಗಡೀಪಾರು ಮಾಡಿದ್ರಿ."

ಆಗ ನನಗೆ ತೋಚಬೇಕಾದದ್ದು ತೋಚಿತು. ಅಲ್ಲಿ ಬೀಸುವುದು ಶಮಾಲ್, ವಾಯವ್ಯದಿಂದ. ಕೆರೆಯಲ್ಲಿ ಏನೇ ತೇಲಲಿ, ಎಲ್ಲಿ ಸತ್ತಿರಲಿ, ಗಾಳಿ ಅದನ್ನು ತಂದು ಹಾಕುವುದು ಎದುರಿನ ಮೂಲೆಗೆ. ಶವ ಸಿಕ್ಕ ಜಾಗ ಕೊಲೆ ನಡೆದ ಜಾಗವಲ್ಲ.

ಎರಡನೆಯ ಪ್ರಯತ್ನ ಆಮ್ಲಜನಕದ್ದು. ಏಪ್ರಿಲ್ ಹತ್ತಿರ ಬರುತ್ತಿತ್ತು, ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕಡಿಮೆ ನಿಲ್ಲುತ್ತದೆ. ಇನ್ನೊಂದು ಸೈಟಿನಿಂದ ನೀರು ಕಡೆಯುವ ಚಕ್ರವನ್ನು ಎರವಲು ತಂದು ಹಗಲಿಡೀ ತಿರುಗಿಸಿದೆ. ನೀರಿನಲ್ಲಿ ನೊರೆ ಎದ್ದು ಕೆರೆ ಮಜ್ಜಿಗೆಯಂತಾಯಿತು. ಮೀಟರಿನಲ್ಲಿ ಆಮ್ಲಜನಕ ಏರಿತು, ಸತ್ತ ಮೀನುಗಳ ಸಂಖ್ಯೆ ಇಳಿಯಲಿಲ್ಲ. ಮೂರನೆಯದಾಗಿ ಗಾಳದ ಕೊಕ್ಕೆಯ ಮುಳ್ಳು ತೆಗೆಯಬೇಕೆಂಬ ಆಜ್ಞೆ ಹೊರಡಿಸಿದೆ. ಸ್ಪರ್ಧಿಗಳು ನನ್ನನ್ನು ಬೈದದ್ದು ಹಲವು ಭಾಷೆಗಳಲ್ಲಿ. ಸ್ಕಾಟಿಷ್ ಸಾಹೇಬರು ಮಾತ್ರ ಬೆನ್ನು ತಟ್ಟಿದರು. ಮೀನುಗಳು ಅದನ್ನೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಮ್ಯಾನೇಜರ್ ಒಬ್ಬ ಕಂಟ್ರಾಕ್ಟರನ್ನು ಕರೆತಂದು ಕೆರೆಯ ದಂಡೆಯಲ್ಲಿ ಸುಣ್ಣದ ಗುರುತು ಹಾಕಿಸಿದರು. ಇಲ್ಲಿಂದ ಇಲ್ಲಿಯವರೆಗೆ ಪಾರ್ಕಿಂಗ್ ಎಂದು. ಕಂಟ್ರಾಕ್ಟರ್ ಸಭ್ಯ ಮನುಷ್ಯ. ನನ್ನ ಮುಖ ನೋಡಿ, "ಸಾರಿ ಬ್ರದರ್," ಎಂದು ಗುರುತು ಹಾಕುವುದನ್ನು ಮುಂದುವರಿಸಿದ.

ಆ ವಾರ ನಡೆದದ್ದು ಫಿಲಿಪಿನೋಗಳ ಕಪ್. ಭಾನುವಾರ ಮೂಗು ಕಟ್ಟಿಕೊಂಡು ಮೂಲೆಗೆ ಹೋದರೆ ಅಲ್ಲಿ ಒಂದು ಮೀನೂ ಇರಲಿಲ್ಲ. ಸೋಮವಾರವೂ ಇಲ್ಲ. ಅದೇ ಕೆರೆ, ಅದೇ ನೀರು, ಅದೇ ಬಿಸಿಲು. ನಾನು ಪಂಪ್‌ಹೌಸಿನಲ್ಲಿ ಕುಳಿತು ಇದನ್ನೇ ಬಡಬಡಿಸುತ್ತಿದ್ದೆ.

"ಅವರ ಮೀನಿಗೆ ಭಾಷಣ ಕೇಳುವ ಶಿಕ್ಷೆ ಇಲ್ಲವಲ್ಲ ಭಟ್ರೇ," ಎಂದರು ಕಾಕಾ ಚಹಾ ಸೋಸುತ್ತ. "ತೂಗಿದ್ರು, ಸೀಟಿ ಹೊಡೆದ್ರು, ಬಿಟ್ರು, ಹಾಡ್ಲಿಕ್ಕೆ ಶುರು ಮಾಡಿದ್ರು. ನಮ್ಮವರದ್ದಾದ್ರೆ ಕೇಳಿ ಕೇಳಿ ನನಗೇ ಸಾಯುವ ಅಂತ ಕಾಣ್ತದೆ. ಮೀನು ಎಷ್ಟಂತ ತಡಕೊಳ್ತದೆ?"

ಅವರು ಹೇಳಿದ್ದು ತಮಾಷೆಗೆ. ಹೇಳಿ, ತಾವೇ ನಕ್ಕು, ಚಹಾ ಕೊಟ್ಟು, ವಾಲ್ವ್ ತಿರುಗಿಸಲು ಹೋದರು. ನಾನು ಚಹಾ ಆರುವವರೆಗೂ ಹಾಗೇ ಕುಳಿತಿದ್ದೆ.

ಯಾವ ಕಪ್ಪಿನ ನಂತರ ಮೀನು ಸತ್ತವು, ಯಾವುದರ ನಂತರ ಸಾಯಲಿಲ್ಲ ಎಂದು ನೆನಪಿಸಿಕೊಂಡೆ. ಸ್ಕಾಟಿಷ್ ಸಾಹೇಬರದ್ದು, ಟೆಕ್ಸಸ್‌ನವರದ್ದು, ಫಿಲಿಪಿನೋಗಳದ್ದು: ಇಲ್ಲ, ಅಥವಾ ಅಪರೂಪಕ್ಕೊಂದು. ಭರತಖಂಡದ ಸಂಘಗಳದ್ದು: ಪ್ರತಿಸಲವೂ. ನಮ್ಮಲ್ಲಿ ಭಾಷೆ ಬೇರೆಯಾದರೂ ಕಾರ್ಯಕ್ರಮದ ಕ್ರಮ ಒಂದೇ. ಸ್ಪರ್ಧೆ ನಸುಕಿಗೆ ಶುರುವಾಗಿ ಬಿಸಿಲೇರುವ ಹೊತ್ತಿಗೆ ಮುಗಿಯುತ್ತದೆ. ಮೀನುಗಳು ವೇದಿಕೆಯ ಪಕ್ಕದ ತೊಟ್ಟಿಗೆ ಬರುತ್ತವೆ. ಆಮೇಲೆ ಮುಖ್ಯ ಅತಿಥಿಗಾಗಿ ಕಾಯುವುದು. ಅವರು ಬಂದ ಮೇಲೆ ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಹೂಗುಚ್ಛ, ಗಣ್ಯರ ನುಡಿ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ. ಆಮೇಲೆ ಅತಿಥಿಗಳು ದೊಡ್ಡ ಮೀನನ್ನು ಎತ್ತಿ ಹಿಡಿದು ಫೋಟೋ, ಅನಂತರ ಅತಿಥಿಗಳ ಅಮೃತಹಸ್ತದಿಂದ ಮೀನುಗಳ ವಿಮೋಚನೆ, ವಂದನಾರ್ಪಣೆ, ತಿಂಡಿ. ವಿಮೋಚನೆಯಾದ ಮೀನು ಬಾಲ ಬೀಸಿ ನೀರಿಗಿಳಿಯುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎರಡು ದಿನ ಬಿಟ್ಟು ಅದು ಸಾಯುವಾಗ ಅಲ್ಲಿ ಯಾರೂ ಇರುವುದಿಲ್ಲ. ಚಪ್ಪಾಳೆಗೂ ಸಾವಿಗೂ ನಡುವೆ ಅಷ್ಟು ಅಂತರವಿದ್ದುದರಿಂದಲೇ ನಂಟು ಯಾರಿಗೂ ಕಾಣಲಿಲ್ಲ.

ಊಹೆ ಸಾಲದು, ಪರೀಕ್ಷೆಯಾಗಬೇಕು. ಮುಂದಿನ ಶುಕ್ರವಾರ ಎರಡನೆಯ ಮಲಯಾಳಿ ಸಂಘದ್ದು. ನಾನು ದಡದಲ್ಲಿ ಕೆಲವು ಸ್ಪರ್ಧಿಗಳನ್ನು ಕಾಡಿ ಬೇಡಿ, ತೂಕಕ್ಕೆ ಬೇಡವಾದ ಮೀನುಗಳನ್ನು ನೀರಿನಿಂದ ಪೂರ್ತಿ ಎತ್ತದೆಯೇ ಬಾಲದ ಮೇಲಿನ ತುದಿಯನ್ನು ಕತ್ತರಿಯಿಂದ ಚೂರು ಕತ್ತರಿಸಿ ಅಲ್ಲೇ ಬಿಟ್ಟೆ. ವೇದಿಕೆಯ ತೊಟ್ಟಿಗೆ ಬಂದ ಮೀನುಗಳಿಗೆ ಬಾಲದ ಕೆಳತುದಿಯನ್ನು ಕತ್ತರಿಸಿದೆ. ಬಳಿಕ ಆಮ್ಲಜನಕದ ಮೀಟರಿನ ತಂತಿಯನ್ನು ತೊಟ್ಟಿಗೆ ಇಳಿಸಿ, ಮಡಿಲಲ್ಲಿ ಮೀಟರ್ ಇಟ್ಟುಕೊಂಡು, ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕುಳಿತೆ.

ಕೆರೆಯಲ್ಲಿ ಐದೂವರೆ ತೋರಿಸುತ್ತಿದ್ದ ಮೀಟರ್ ಅತಿಥಿಗಳ ಕಾರು ಬರುವಷ್ಟರಲ್ಲೇ ನಾಲ್ಕಕ್ಕೆ ಇಳಿದಿತ್ತು. ಸ್ವಾಗತಕಾರರು ವೇದಿಕೆಯ ಮೇಲಿದ್ದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಸ್ವಾಗತಿಸಿದರು, ಒಂದೊಂದು ಹೆಸರಿಗೂ ಮುಳ್ಳು ಕೂದಲೆಳೆಯಷ್ಟು ಸರಿಯಿತು. ಪ್ರಾಸ್ತಾವಿಕ ನುಡಿಯಲ್ಲಿ ಸಂಘದ ಇತಿಹಾಸ ಬಂದಾಗ ಮೂರು. ಸಂಘ ಒಡೆದ ಪ್ರಸಂಗವನ್ನು ವಿವರಿಸುವಾಗ ಸಭೆಗೆ ರೋಮಾಂಚನ, ತೊಟ್ಟಿಗೆ ಎರಡೂವರೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದ್ದವು. ಪಕ್ಕದಲ್ಲಿ ಕುಳಿತಿದ್ದವರೊಬ್ಬರು ಅದನ್ನು ನೋಡಿ, "ಅವೂ ಏನೋ ಹೇಳ್ಬೇಕು ಅಂತಿವೆ," ಎಂದರು. ಅಧ್ಯಕ್ಷೀಯ ನುಡಿ ಮುಗಿದಾಗ ಎರಡರ ಕೆಳಗೆ. ನೀರು ಬೆಚ್ಚಗಾಗಿತ್ತು, ಅಮೋನಿಯಾ ಕೆರೆಯಲ್ಲಿದ್ದುದಕ್ಕಿಂತ ಎಷ್ಟೋ ಪಟ್ಟು ಏರಿತ್ತು. ಇಷ್ಟಾದ ಮೇಲೆ ಅತಿಥಿಗಳು ಒಣ ಟವೆಲಿನಿಂದ ಮೀನನ್ನು ಗಟ್ಟಿಯಾಗಿ ಅವುಚಿ ಹಿಡಿದು, ಮೂರು ಕ್ಯಾಮೆರಾಗಳಿಗೆ ಬೇರೆ ಬೇರೆಯಾಗಿ ನಕ್ಕರು. ಮೀನಿನ ಮೈಮೇಲಿನ ಲೋಳೆ ಟವೆಲಿಗೆ ಹೋಯಿತು.

ಭಾನುವಾರ ಮೂಲೆಯಲ್ಲಿ ಸಿಕ್ಕ ಮೀನುಗಳ ಬಾಲಗಳನ್ನು ನೋಡುತ್ತ ಹೋದೆವು. ಕೆಳತುದಿ, ಕೆಳತುದಿ, ಕೆಳತುದಿ. ಮೇಲ್ತುದಿ ಕತ್ತರಿಸಿದ್ದು ಒಂದೂ ಇರಲಿಲ್ಲ.

ಮ್ಯಾನೇಜರ್ ನನ್ನ ವರದಿಯನ್ನು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

"ಭಾಷಣದಿಂದ ಮೀನು ಸಾಯುತ್ತದೆ ಅಂತೀಯಾ?"

"ಕಾಯಿಸುವುದರಿಂದ ಸರ್. ಭಾಷಣ ನಿಮಿತ್ತ."

"ಇದನ್ನು ನಾನು ಮೇಲಿನವರಿಗೆ ಹೇಳಬೇಕು? ಬರುವ ಶುಕ್ರವಾರ ನಿಮ್ಮವರ ಕಪ್. ಮುಖ್ಯ ಅತಿಥಿ ಯಾರು ಗೊತ್ತಾ?"

ಗೊತ್ತಿತ್ತು. ಕಂಪನಿಯ ಡೈರೆಕ್ಟರ್, ನಮ್ಮ ಮ್ಯಾನೇಜರಿಗೂ ಮೇಲಿನವರು.

"ನಾನು ಸ್ಪರ್ಧೆ ನಿಲ್ಲಿಸುವುದಿಲ್ಲ. ಭಾಷಣವನ್ನೂ ನಿಲ್ಲಿಸುವುದಿಲ್ಲ. ನಿನ್ನ ಜನ, ನಿನ್ನ ಮೀನು. ಸೋಮವಾರ ನಾನು ಆ ಮೂಲೆಗೆ ಬರ್ತೇನೆ, ಕಂಟ್ರಾಕ್ಟರನ್ನು ಕರಕೊಂಡು. ಬಿಳಿ ಹೊಟ್ಟೆ ಕಂಡರೆ ಮಣ್ಣು ತುಂಬ್ತದೆ. ಯಲ್ಲಾ, ಹೊರಡು."

ಕರಾವಳಿ ಬಳಗದ ಸೆಕ್ರೆಟರಿ ಅಕೌಂಟ್ಸ್ ವಿಭಾಗದಲ್ಲಿದ್ದ ಮಂಗಳೂರು ಕಡೆಯ ಕ್ರಿಶ್ಚಿಯನ್. ಒಳ್ಳೆಯ ಮನುಷ್ಯ, ಉತ್ಸಾಹಕ್ಕೆ ಬ್ರೇಕ್ ಇರಲಿಲ್ಲ. ಅವರ ಮನೆಗೆ ಹೋಗಿ ವಿಷಯ ಹೇಳಿದೆ: ಹಿಡಿದ ಮೀನನ್ನು ನೀರಿನಲ್ಲೇ ಅಳತೆಪಟ್ಟಿಯಿಂದ ಉದ್ದ ಅಳೆದು ಅಲ್ಲೇ ಬಿಡುವುದು, ತೊಟ್ಟಿ ಬೇಡ.

"ಎಂತ ಮಾರಾಯ್ರೆ ನೀವು!" ಎಂದರು. "ಡೈರೆಕ್ಟರ್ ಬಂದು ಎಂಥದ್ದು ಹಿಡ್ಕೊಳ್ಳುದು? ಅಳತೆಪಟ್ಟಿಯಾ? ಬ್ಯಾನರ್‌ನಲ್ಲಿ ಮೀನು ಹಿಡಿದ ಚಿತ್ರವೇ ಪ್ರಿಂಟ್ ಆಗಿ ಬಂದಾಗಿದೆ."

"ಮೀನು ಸಾಯ್ತದೆ."

"ಸಾಯುದಿಲ್ಲ. ನಾನೇ ನೋಡಿದ್ದೇನೆ, ಬಿಟ್ಟ ಕೂಡಲೇ ಓಡ್ತದೆ."

"ಎರಡು ದಿನ ಬಿಟ್ಟು ಸಾಯ್ತದೆ."

"ಎರಡು ದಿನ ಬಿಟ್ಟು ಸಾಯುದಕ್ಕೆ ನಾವು ಹೇಗೆ ಜವಾಬ್ದಾರಿ? ಎರಡು ದಿನದಲ್ಲಿ ಮನುಷ್ಯನಿಗೇ ಏನೇನೋ ಆಗ್ತದೆ."

ಮೀನಿನ ಜತೆ ನನ್ನ ಹುದ್ದೆಯೂ ಹೋಗುತ್ತದೆಂದು ಹೇಳಬೇಕಾಯಿತು. ಅದಕ್ಕೆ ಅವರು ನಿಜವಾಗಿಯೂ ಬೇಸರಪಟ್ಟರು. ತುಂಬ ಹೊತ್ತು ಯೋಚಿಸಿ ಒಂದು ರಾಜಿ ಮುಂದಿಟ್ಟರು: ಎಲ್ಲ ಮೀನುಗಳನ್ನು ಅಳೆದು ಬಿಡುವುದು, ಒಬ್ಬೊಬ್ಬ ಸ್ಪರ್ಧಿಯ ಅತಿ ದೊಡ್ಡದನ್ನು ಮಾತ್ರ ಅತಿಥಿಗಳಿಗಾಗಿ ಇಡುವುದು. ಸ್ಪರ್ಧಿಗಳು ಎಷ್ಟು ಜನ ಎಂಬುದನ್ನು ನೆನೆದು, ನಾನು ಆಗದು ಎಂದೆ. ಬಳಗದ ಸ್ಪರ್ಧೆಗೆ ಬಳಸುತ್ತಿದ್ದ ನೀಲಿ ತೊಟ್ಟಿಗಳು ನನ್ನ ವಿಭಾಗದವು. ಕೊಡುವುದಿಲ್ಲ ಎಂದೆ.

"ನೀವು ತೊಟ್ಟಿ ಕೊಡ್ಬೇಡಿ," ಎಂದರು ಸೆಕ್ರೆಟರಿ. ಧ್ವನಿಯಲ್ಲಿ ಕೋಪವಿರಲಿಲ್ಲ, ಯೋಜನೆಯಿತ್ತು. "ಆದ್ರೆ ವಂದನಾರ್ಪಣೆ ನಿಮ್ಮದೇ. ಅದು ತಪ್ಪಿಸ್ಬಾರ್ದು."

ಬಳಗದಲ್ಲಿ ವಂದನಾರ್ಪಣೆ ಖಾಯಂ ಆಗಿ ನನ್ನದು. ಕೋಳಿ ಸುಕ್ಕದ ವಾಸನೆ ಬಂದಾಗಲೂ ಸ್ತಿಮಿತದಿಂದ ಮಾತು ಮುಗಿಸಬಲ್ಲ ಸದಸ್ಯ ಬೇರೆ ಇರಲಿಲ್ಲ.

ಶುಕ್ರವಾರ ನಸುಕಿಗೆ ಹೋಗಿ ನೋಡಿದರೆ, ವೇದಿಕೆಯ ಪಕ್ಕದಲ್ಲಿ ಗಾಳಿ ತುಂಬಿದ ರಬ್ಬರಿನ ಈಜುಕೊಳ. ಸೆಕ್ರೆಟರಿಯ ಮಕ್ಕಳದ್ದು. ಸುತ್ತಲೂ ಹಳದಿ ಬಾತುಕೋಳಿಗಳು ನಗುತ್ತಿದ್ದವು. ಅದಕ್ಕೆ ಕೆರೆಯ ನೀರು ತುಂಬಿಸಿ ತಯಾರಾಗಿಟ್ಟಿದ್ದರು. ಕಾಕಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ನನ್ನ ಕಿವಿಯಲ್ಲಿ, "ಒಂದು ಪಿನ್ನು ಸಾಕು ಭಟ್ರೇ," ಎಂದರು. ಬೇಡವೆಂದೆ. ಮಕ್ಕಳ ಆಸ್ತಿ.

ಸ್ಪರ್ಧೆ ಚೆನ್ನಾಗಿ ನಡೆಯಿತು. ಬಿಸಿಲೇರುವ ಹೊತ್ತಿಗೆ ಬಾತುಕೋಳಿಗಳ ನಡುವೆ ದೊಡ್ಡ ದೊಡ್ಡ ಕುರುಡೆಗಳು ಒಂದರ ಬೆನ್ನಿಗೊಂದು ಒತ್ತಿಕೊಂಡು ನಿಂತಿದ್ದವು. ಗಾಳ ಎತ್ತಿದವರು ಕೈತೊಳೆದು ಕುರ್ಚಿಗಳಲ್ಲಿ ಕುಳಿತರು, ಹೆಂಗಸರು ಮಕ್ಕಳು ಬಂದರು. ಹಿಂದಿನ ಡೇರೆಯಲ್ಲಿ ಇಡ್ಲಿ, ಬನ್ಸು, ಕೋಳಿ ಸುಕ್ಕ ತಯಾರಾಗಿ ಥರ್ಮೋಕೋಲ್ ತಟ್ಟೆಗಳ ಗೋಪುರ ನಿಂತಿತ್ತು. ಡೈರೆಕ್ಟರ್ ಮಾತ್ರ ಬರಲಿಲ್ಲ. ದೋಹಾದಿಂದ ಹೊರಟಿದ್ದಾರೆಂದು ಫೋನ್ ಬಂತು. ಮೀಟರ್ ತಂತಿ ಇಳಿಸಿದೆ. ನಾಲ್ಕು. ಅಲ್ ಖೋರ್ ದಾಟಿದ್ದಾರೆಂದು ಇನ್ನೊಂದು ಫೋನ್. ಮೂರೂವರೆ. ಗೇಟಿನಲ್ಲಿ ಪಾಸ್ ವಿಷಯದಲ್ಲಿ ಏನೋ ತೊಡಕಾಗಿದೆಯೆಂದು ಮತ್ತೊಂದು ಫೋನ್. ಮೂರು. ಇನ್ನೂ ಪ್ರಾರ್ಥನೆ ಆಗಿರಲಿಲ್ಲ.

ನನ್ನ ಮುಂದೆ ಮೂರು ದಾರಿ ಇದ್ದವು. ಕೊಳವನ್ನು ಬಲಾತ್ಕಾರವಾಗಿ ಬುಡಮೇಲು ಮಾಡಿದರೆ ಸ್ಪರ್ಧಿಗಳೊಡನೆ ಹೊಡೆದಾಟ. ಸುಮ್ಮನಿದ್ದರೆ ಸೋಮವಾರ ಕಂಟ್ರಾಕ್ಟರ್. ಮೂರನೆಯದು ಹೊಳೆದಾಗ ನನಗೇ ಸ್ವಲ್ಪ ನಾಚಿಕೆಯಾಯಿತು. ನಮ್ಮ ಜನರ ಒಂದು ಗುಣ ನನಗೆ ಚೆನ್ನಾಗಿ ಗೊತ್ತು: ಕಾರ್ಯಕ್ರಮ ಎಲ್ಲಿಗೆ ಬಂದಿದೆ ಎಂದು ಅವರು ಗಡಿಯಾರ ನೋಡಿ ತಿಳಿಯುವುದಿಲ್ಲ, ಮೈಕಿನಲ್ಲಿ ಬರುವ ಪದಗಳಿಂದ ತಿಳಿಯುತ್ತಾರೆ. ಕಾಕಾರನ್ನು ಕೊಳದ ಒಂದು ಬದಿಗೆ ನಿಲ್ಲಿಸಿದೆ. ಜತೆಗೆ ಅವರ ಪಂಪ್‌ಹೌಸಿನ ಇಬ್ಬರು. ನಾನು ವೇದಿಕೆ ಹತ್ತಿ ಮೈಕ್ ಹಿಡಿದೆ.

"ಇಂದಿನ ಈ ಸುಂದರ ಸಮಾರಂಭವು ಯಶಸ್ವಿಯಾಗಿ ನೆರವೇರಲು," ಎಂದು ಶುರು ಮಾಡಿದೆ, "ತನು ಮನ ಧನಗಳಿಂದ ಸಹಕರಿಸಿದ ಸರ್ವರಿಗೂ..."

ಸಭೆಯಲ್ಲಿ ಕುರ್ಚಿ ಸರಿಯುವ ಸದ್ದು ಕೇಳಿಸಿತು. ಹಿಂದಿನ ಸಾಲು ಎದ್ದಿತ್ತು. ಮಕ್ಕಳು ಆಗಲೇ ಡೇರೆಯ ಕಡೆ ಓಡುತ್ತಿದ್ದರು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏನೋ ತಪ್ಪಿದೆ ಎನ್ನಿಸಿದರೂ ಯಾವುದು ಎಂದು ಹೊಳೆಯಲಿಲ್ಲ. ಅಷ್ಟರಲ್ಲಿ ಸಾಲು ಉದ್ದವಾಗುತ್ತಿರುವುದು ಕಂಡು ಅವರೂ ಎದ್ದರು. ನಾನು ಧ್ವನಿವರ್ಧಕದವರಿಗೆ, ಶಾಮಿಯಾನದವರಿಗೆ, ಅಡುಗೆಯವರಿಗೆ ವಂದನೆ ಹೇಳುತ್ತಲೇ ಇದ್ದೆ.

ಸೆಕ್ರೆಟರಿ ವೇದಿಕೆಯ ಬುಡಕ್ಕೆ ಓಡಿ ಬಂದರು. "ಭಟ್ರೇ, ಎಂಥ ಮಾಡ್ತಿದ್ದೀರಿ? ಸ್ವಾಗತವೇ ಆಗ್ಲಿಲ್ಲ!"

"ಕೊನೆಯದಾಗಿ," ಎಂದೆ ಮೈಕಿನಲ್ಲಿ, "ನಮ್ಮ ಆಹ್ವಾನವನ್ನು ಮನ್ನಿಸದೆಯೂ ಆಗಮಿಸಿ, ಈ ಹೊತ್ತಿನವರೆಗೆ ತಾಳ್ಮೆಯಿಂದ ಕಾದ ಕುರುಡೆ ಮೀನುಗಳಿಗೆ ಹೃತ್ಪೂರ್ವಕ ಧನ್ಯವಾದಗಳು. ಅವರನ್ನು ಈಗ ಗೌರವಪೂರ್ವಕವಾಗಿ ಬೀಳ್ಕೊಡಲಾಗುವುದು."

ಕಾಕಾ ಮತ್ತು ಇಬ್ಬರು ಕೊಳವನ್ನು ದಡದ ಇಳಿಜಾರಿನಲ್ಲಿ ಎಳೆದು, ನೀರಿನ ಅಂಚಿನಲ್ಲಿ ಓರೆ ಮಾಡಿದರು. ಮೀನುಗಳು ಯಾರ ಕೈಯನ್ನೂ ಮುಟ್ಟದೆ ಜಾರಿಕೊಂಡು ಹೋದವು. ಒಂದೆರಡು ಅಂಚಿನಲ್ಲೇ ಸ್ವಲ್ಪ ಹೊತ್ತು ಏದುಸಿರು ಬಿಡುತ್ತ ನಿಂತು, ಆಮೇಲೆ ಆಳಕ್ಕಿಳಿದವು. ಚಪ್ಪಾಳೆ ಇರಲಿಲ್ಲ. ಎಲ್ಲರ ಕೈಯಲ್ಲೂ ತಟ್ಟೆ ಇತ್ತು.

ಡೈರೆಕ್ಟರ್ ಬಂದಾಗ ಸಭೆ ಇಡ್ಲಿ ತಿನ್ನುತ್ತಿತ್ತು. ಸೆಕ್ರೆಟರಿ ಹೂಗುಚ್ಛ ಹಿಡಿದು ಎದುರಿಗೆ ಓಡಿದರು. ಡೈರೆಕ್ಟರ್ ಖಾಲಿ ಕುರ್ಚಿಗಳನ್ನು, ಖಾಲಿ ವೇದಿಕೆಯನ್ನು ನೋಡಿ, ನನ್ನನ್ನು ಕೇಳಿದರು: "ಭಾಷಣಗಳೆಲ್ಲ ಮುಗಿದವಾ?"

"ವಂದನಾರ್ಪಣೆ ಆಯಿತು ಸರ್."

ಅವರ ಮುಖದಲ್ಲಿ ನಾನು ಕಂಡದ್ದನ್ನು ಬಿಡುಗಡೆ ಎಂದೇ ಕರೆಯಬೇಕು. ಜೇಬಿನಿಂದ ಅರ್ಧ ಹೊರಬಂದಿದ್ದ ಭಾಷಣದ ಹಾಳೆಯನ್ನು ಮತ್ತೆ ಒಳಗೆ ತಳ್ಳಿ ಬನ್ಸಿನ ಕಡೆ ನಡೆದರು. ಕಪ್ಪನ್ನು ನಿಂತಲ್ಲೇ ಕೊಟ್ಟರು. ಜುಮ್ಮಾ ಪ್ರಾರ್ಥನೆಯ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಸೆಕ್ರೆಟರಿ ನನ್ನೊಡನೆ ಮಾತಾಡಲಿಲ್ಲ, ಬಾತುಕೋಳಿ ಕೊಳದ ಗಾಳಿ ಬಿಟ್ಟು, ಮಡಚಿ, ಕಾರಿಗೆ ಹಾಕಿಕೊಂಡು ಹೋದರು.

ಶನಿವಾರ ಶಮಾಲ್ ಬೀಸಿತು. ಮೂಲೆ ಖಾಲಿ. ಅದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಸಾಯುವ ಮೀನು ಸತ್ತ ಕೂಡಲೇ ತೇಲುವುದಿಲ್ಲ. ಭಾನುವಾರ ಧೂಳು ಎಷ್ಟಿತ್ತೆಂದರೆ ಎದುರು ದಂಡೆ ಕಾಣಲಿಲ್ಲ. ಆದರೂ ಹೋಗಿ ಬಗ್ಗಿ ನೋಡಿದೆ. ಖಾಲಿ. ಮನೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಮುಂದಿನ ತರಗತಿಯ ಪುಸ್ತಕಗಳಿಗೆ ಈಗಲೇ ಬೈಂಡ್ ಹಾಕಿಸಬೇಕೇ ಎಂದು ಹೆಂಡತಿ ಕೇಳಿದಳು. ಮಂಗಳವಾರ ಹೇಳುತ್ತೇನೆ ಎಂದೆ.

ಸೋಮವಾರ ಬೆಳಿಗ್ಗೆ ಮ್ಯಾನೇಜರಿನ ಕಾರಿನಲ್ಲೇ ಹೋದೆ. ಹಿಂದಿನ ಸೀಟಿನಲ್ಲಿ ಕಂಟ್ರಾಕ್ಟರ್. ಧೂಳು ಇಳಿದಿತ್ತು. ತಿರುವಿನಲ್ಲಿ ಕಾರು ಬರುತ್ತಿದ್ದಂತೆ ಮೂಲೆ ಕಾಣಿಸಿತು. ಅಲ್ಲಿ ಬಿಳಿಯಾಗಿ, ದುಂಡಗೆ, ಒತ್ತೊತ್ತಾಗಿ ತೇಲುತ್ತಿತ್ತು. ನೀರಿನ ಅಲೆಗೆ ಏಳುತ್ತ ಬೀಳುತ್ತ ಇತ್ತು.

ಮ್ಯಾನೇಜರ್ ಕಾರು ನಿಲ್ಲಿಸಿದರು. ಕಂಟ್ರಾಕ್ಟರ್ ಹಿಂದಿನಿಂದ, "ಸಾರಿ ಬ್ರದರ್," ಎಂದ. ನಾನು ಬಾಗಿಲು ತೆಗೆದು ಇಳಿದೆ. ಮೂಗಿಗೆ ಕರವಸ್ತ್ರ ಹಿಡಿದು ಮ್ಯಾನೇಜರ್ ಹಿಂದೆ ಬಂದರು. ಅಂಚಿಗೆ ಹೋಗಿ ನಿಂತೆವು.

ತಟ್ಟೆಗಳು. ಇಡ್ಲಿ ತಿಂದ ಥರ್ಮೋಕೋಲ್ ತಟ್ಟೆಗಳು, ಬೋರಲಾಗಿ. ಎರಡು ದಿನ ಜೊಂಡಿನಲ್ಲಿ ಸಿಕ್ಕಿದ್ದವನ್ನು ಗಾಳಿ ಕಿತ್ತು ತಂದು ಮೂಲೆಗೆ ಒಪ್ಪಿಸಿತ್ತು. ಒಂದರ ಮೇಲೆ ಇನ್ನೂ ಸಾಂಬಾರಿನ ಕಲೆ ಇತ್ತು.

ಮ್ಯಾನೇಜರ್ ಕೋಲಿನಿಂದ ಒಂದೊಂದನ್ನೂ ಸರಿಸಿ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೂಗಿನಿಂದ ಕರವಸ್ತ್ರ ತೆಗೆದು ಜೇಬಿಗೆ ಹಾಕಿಕೊಂಡರು.

"ಇದನ್ನೆಲ್ಲ ತೆಗೆಸು, ಯಾ ಭಟ್. ಗಲೀಜು," ಎಂದರು. ಕಂಟ್ರಾಕ್ಟರ್ ಕಡೆ ತಿರುಗಿ, "ಖಲಾಸ್, ನೀನು ಹೋಗು. ಕಾರಿಗೆ ಬೇರೆ ಜಾಗ ನೋಡೋಣ," ಎಂದರು.

ಅದೇ ವಾರ ಆದೇಶ ಬಂತು: ಯಾವ ಸಂಘದ ಕಪ್ಪೇ ಆಗಲಿ, ಮೀನು ಹಿಡಿದ ಬಳಿಕ ಭಾಷಣ ಇಲ್ಲ. ಅಳೆಯುವುದು, ಬಿಡುವುದು, ಮನೆಗೆ ಹೋಗುವುದು. ಸಂಘಗಳಲ್ಲಿ ಹಾಹಾಕಾರವಾಯಿತು. ಕೆಲವರು ಕಪ್ಪನ್ನೇ ಬಿಟ್ಟು ಕ್ಯಾರಂ ಹಿಡಿದರು. ನಮ್ಮ ಸೆಕ್ರೆಟರಿ ಒಂದು ತಿಂಗಳು ಮಾತು ಬಿಟ್ಟಿದ್ದವರು ಒಂದು ಸಂಜೆ ಪಂಪ್‌ಹೌಸಿಗೆ ಬಂದು, ಕಾಕಾರ ಚಹಾ ಕುಡಿದು, ಮೆಲ್ಲಗೆ ಕೇಳಿದರು:

"ಭಟ್ರೇ, ಹಿಡಿದ ಬಳಿಕ ಭಾಷಣ ಇಲ್ಲ. ಸರಿ. ಹಿಡಿಯುವ ಮೊದಲು ಮಾಡಿದ್ರೆ?"

ಆದೇಶವನ್ನು ಮತ್ತೊಮ್ಮೆ ಓದಿದೆ. ಅಡ್ಡಿಯೇನೂ ಇರಲಿಲ್ಲ.

ಮುಂದಿನ ಚಳಿಗಾಲ ಕರಾವಳಿ ಕಪ್ ಹೊಸ ಕ್ರಮದಲ್ಲಿ ನಡೆಯಿತು. ನಸುಕಿಗೆ ಎಲ್ಲರೂ ಗಾಳ ಹಿಡಿದು ದಡದಲ್ಲಿ ಕುಳಿತರು. ಮುಖ್ಯ ಅತಿಥಿ, ಬೇರೆಯವರು, ತಡವಾಗಿ ಬಂದರು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಒಂದನ್ನೂ ಬಿಡಲಿಲ್ಲ. ಕಳೆದ ವರ್ಷ ಬಾಕಿಯಾದದ್ದನ್ನೂ ಸೇರಿಸಿದಂತಿತ್ತು. ಸೂರ್ಯ ಮೇಲೇರಿದ. ನಸುಕಿನಲ್ಲಿ ದಡದ ಹತ್ತಿರ ಸುಳಿಯುತ್ತಿದ್ದ ಕುರುಡೆಗಳು ಬೆಳಕು ಚುರುಕಾಗುತ್ತಿದ್ದಂತೆ ಒಂದೊಂದಾಗಿ ನಡುಕೆರೆಯ ಆಳಕ್ಕೆ ಇಳಿದವು. ಇನ್ನು ಇಳಿಬಿಸಿಲಿನವರೆಗೆ ಅವು ಯಾವ ಗಾಳಕ್ಕೂ ಬಾಯಿ ಹಾಕುವುದಿಲ್ಲ.

ಮ್ಯಾನೇಜರ್ ನನ್ನ ಪಕ್ಕದಲ್ಲಿ ಕುಳಿತಿದ್ದರು. ಭಾಷೆ ತಿಳಿಯದಿದ್ದರೂ ಕೆರೆಯ ಕಡೆ, ವೇದಿಕೆಯ ಕಡೆ ನೋಡಿ ಅವರಿಗೆ ಲೆಕ್ಕಾಚಾರ ಅರ್ಥವಾದಂತಿತ್ತು.

"ಇನ್ನೂ ಎಷ್ಟಿದೆ?" ಎಂದರು.

"ಅಧ್ಯಕ್ಷೀಯ ನುಡಿ ಸರ್. ಆಮೇಲೆ ವಂದನಾರ್ಪಣೆ, ಅದು ನನ್ನದು."

"ಒಳ್ಳೆಯದು," ಎಂದರು ಮ್ಯಾನೇಜರ್, ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತ. "ನಿಧಾನವಾಗಿ ಮಾಡು."